ಮುಂಚಿ, ಸ್ಯಾಲಿ ಮತ್ತು ಇಲಿಬೇಟೆಯ ಆ ಚಳಿಗಾಲ

ಕಳೆದ ತಿಂಗಳು ನಮ್ಮ ಊರಿನವರ ಕಾರ್ಯಕ್ರಮವೊಂದಕ್ಕೆ ಅಬುಧಾಬಿಯಿಂದ ದುಬೈಗೆ ಹೋಗಿದ್ದೆವು. ಅಲ್ಲಿನ ಊದ್ ಮೇಥಾ ಬಡಾವಣೆ ತಲುಪಿದಾಗ ಹಾಲ್‌ನ ಬಾಗಿಲು ಇನ್ನೂ ತೆರೆದಿರಲಿಲ್ಲ. ಹೊತ್ತು ಕಳೆಯಲೆಂದು ಪಕ್ಕದ ಬೀದಿಯಲ್ಲಿದ್ದ ಸಾಕುಪ್ರಾಣಿಗಳ ಅಂಗಡಿಯೊಳಗೆ ಹೊಕ್ಕೆ. ಮೊಲಗಳಿಗೆಂದು ಇಟ್ಟಿದ್ದ ಒಣಹುಲ್ಲಿನ ಚೀಲವೊಂದರ ಬಾಯಿ ಬಿಚ್ಚಿಕೊಂಡಿತ್ತು. ನಮ್ಮಲ್ಲಿ ಕುದುರೆ ಮಸಾಲೆ ಅನ್ನುತ್ತಾರಲ್ಲ, ಅದೇ ಹುಲ್ಲು. ಅದರ ವಾಸನೆ ಸ್ವಲ್ಪ ಸಿಹಿ, ಸ್ವಲ್ಪ ಚಹಾಪುಡಿಯ ಹಾಗೆ ಒಗರು. ರೇಷ್ಮೆ ಸೀರೆ ಉಟ್ಟು, ಮಲ್ಲಿಗೆ ಮುಡಿದು ನಿಂತಿದ್ದ ನಾನು ಆಚೀಚೆ ನೋಡಿ ಬಗ್ಗಿ ಚೀಲದೊಳಗೆ ಮೂಗು ಹಾಕಿದೆ.

“ಎಷ್ಟು ಮೊಲ ಉಂಟು ಮೇಡಂ?” ಅಂಗಡಿಯವರು ಕೇಳಿದರು. ಮಂಗಳೂರಿನ ಕಡೆಯವರೇ.

“ಮೊಲ ಇಲ್ಲ,” ಅಂದೆ. “ಇಲಿ ಇತ್ತು.”

ಅವರಿಗೆ ಏನೂ ಅರ್ಥವಾಗಲಿಲ್ಲ. ನನಗೆ ಮಾತ್ರ ಆ ಒಂದು ಚಳಿಗಾಲ ಇಡಿಯಾಗಿ ಎದುರಿಗೆ ಬಂದು ನಿಂತಿತ್ತು.

ಆಗ ನಾನು ಅಬುಧಾಬಿಯ ಹೊರಗೆ, ಅಲ್ ಐನ್ ಕಡೆಗೆ ಹೋಗುವ ಹೆದ್ದಾರಿಯಿಂದ ಒಳಕ್ಕೆ, ಮರಳಿನ ನಡುವಿನ ಒಂದು ಕುದುರೆ ಲಾಯದಲ್ಲಿ ಆಫೀಸು ನೋಡಿಕೊಳ್ಳುತ್ತಿದ್ದೆ. ಕುದುರೆಗಳ ಪಾಸ್‌ಪೋರ್ಟು, ವೈದ್ಯರಿಗೆ ಫೋನು, ಹುಲ್ಲಿಗೆ ಆರ್ಡರು, ಇಷ್ಟು ನನ್ನ ಕೆಲಸ. ಕಾರ್ಕಳದ ಕಡೆಯವಳು ನಾನು. ಎಮ್ಮೆ ದನ ನೋಡಿ ಬೆಳೆದವಳಿಗೆ ಕುದುರೆಯ ಹತ್ತಿರ ಹೋಗಲು ಹೆದರಿಕೆ ಇರಲಿಲ್ಲ. ನಾಯಿಗಳ ಬಗ್ಗೆ ಮಾತ್ರ ದೊಡ್ಡ ಪ್ರೀತಿಯೂ ಇರಲಿಲ್ಲ, ದ್ವೇಷವೂ ಇರಲಿಲ್ಲ. ನಮ್ಮ ಮನೆಯಲ್ಲಿ ನಾಯಿ ಅಂದರೆ ಅಂಗಳದಲ್ಲಿ ಕಟ್ಟಿ ಹಾಕಿದ್ದು, ಅಷ್ಟೆ.

ಲಾಯದಲ್ಲಿ ಕುದುರೆಗಳನ್ನು ಪಳಗಿಸುತ್ತಿದ್ದವಳು ಫಿಯೋನಾ ಎಂಬ ಸ್ಕಾಟ್ಲೆಂಡಿನ ಹೆಂಗಸು. ಅವಳ ಬಳಿ ಎರಡು ಟೆರಿಯರ್ ನಾಯಿಗಳಿದ್ದವು. ಮೊಣಕಾಲಿಗೂ ಬಾರದ ಎತ್ತರ, ಒರಟು ಕೂದಲು, ಮೈತುಂಬ ಹುಮ್ಮಸ್ಸು. ದೊಡ್ಡದರ ಹೆಸರು ಪೆಪ್ಪರ್, ಚಿಕ್ಕದರ ಹೆಸರು ಸ್ಯಾಲಿ. ಆ ವರ್ಷ ಫಿಯೋನಾಳ ತಾಯಿಗೆ ಹುಷಾರಿಲ್ಲದಾಯಿತು. ಊರಿಗೆ ಹೊರಡುವ ದಿನ ಅವಳು ನಾಯಿಗಳ ಹಗ್ಗವನ್ನು ನನ್ನ ಕೈಯಲ್ಲಿಟ್ಟಳು. “ಚಳಿಗಾಲ ಮುಗಿಯುವವರೆಗೆ ನೋಡಿಕೋ ಪ್ರತಿಮಾ. ಇವು ಬೇಟೆಯ ನಾಯಿಗಳು. ಕೆಲಸ ಇಲ್ಲದಿದ್ದರೆ ಹುಚ್ಚು ಹಿಡಿದ ಹಾಗೆ ಆಡುತ್ತವೆ.”

ಮೊಹಮ್ಮದ್ ಬಿನ್ ಜಾಯೆದ್ ಸಿಟಿಯ ನಮ್ಮ ಫ್ಲಾಟಿನಲ್ಲಿ ನಾಯಿ ಸಾಕುವಂತಿರಲಿಲ್ಲ. ಲಾಯದಲ್ಲೇ ಇರಿಸೋಣವೆಂದರೆ ಮಾಲೀಕ ಅಬು ರಾಶಿದ್ ಅವರ ಒಪ್ಪಿಗೆ ಬೇಕು. ಅವರು ಎಪ್ಪತ್ತು ದಾಟಿದವರು. ಹಿಂದಿ, ಅರಬಿ, ಇಂಗ್ಲಿಷ್ ಮೂರನ್ನೂ ಕಲಸಿ ನನ್ನ ಜೊತೆ ಮಾತಾಡುತ್ತಿದ್ದರು.

“ಫಿಯೋನಾ ಇದ್ದಾಗ ಅವು ಅವಳ ನಾಯಿ. ನಾನು ಏನೂ ಹೇಳಲಿಲ್ಲ,” ಅಂದರು. “ಈಗ ಅವು ನನ್ನ ಜಾಗದಲ್ಲಿರುವ ನಾಯಿ. ಕಾವಲಿನ ನಾಯಿ, ಬೇಟೆಯ ನಾಯಿ ಇರಬಹುದು. ಸುಮ್ಮನೆ ತಿಂದು ಮಲಗುವ ನಾಯಿ ನನಗೆ ಬೇಡ. ಇವುಗಳಿಗೆ ಏನು ಕೆಲಸ ಉಂಟು?”

ಆ ಹೊತ್ತಿಗೆ ಸರಿಯಾಗಿ ಅವರ ಹಿಂದಿನ ಗೋಡೆಯ ಬುಡದಲ್ಲಿ ಹೆಗ್ಗಣದಂಥ ಒಂದು ಇಲಿ ಹಾಡಹಗಲೇ ನಡೆದು ಹೋಯಿತು. ಓಡಲಿಲ್ಲ, ನಡೆದು ಹೋಯಿತು.

“ಅದು,” ಅಂದೆ.

ಅವರು ತಿರುಗಿ ನೋಡಿದರು. ಆಮೇಲೆ ಗಡ್ಡ ಸವರಿಕೊಂಡರು. ಲಾಯದ ಹುಲ್ಲಿನ ಕೊಟ್ಟಿಗೆಯಲ್ಲಿ ಇಲಿಗಳು ವಿಪರೀತ ಆಗಿದ್ದವು. ಓಟ್ಸ್ ಚೀಲ ಕೊರೆಯುತ್ತಿದ್ದವು, ನೀರಿನ ತೊಟ್ಟಿಗೆ ಬೀಳುತ್ತಿದ್ದವು. ಗಬ್ಬವಾಗಿದ್ದ ಗಜಾಲಾ ಎಂಬ ಹೆಣ್ಣು ಕುದುರೆಯ ಮೇಲೆ ಕಣ್ಣಿಡಲು ಹಾಕಿದ್ದ ಕ್ಯಾಮೆರಾದ ವಯರನ್ನೂ ಕಡಿದು ಹಾಕಿದ್ದವು. ವಿಷ ಇಡಿಸೋಣವೆಂದು ಅಬು ರಾಶಿದ್ ಆಗಲೇ ಯೋಚಿಸಿದ್ದರು. ವಿಷ ಇಟ್ಟ ಮೇಲೆ ಅಲ್ಲಿ ನಾಯಿ ಬಿಡುವ ಹಾಗಿಲ್ಲ.

“ಗಜಾಲಾ ಮರಿ ಹಾಕುವುದರೊಳಗೆ ಕೊಟ್ಟಿಗೆ ಸ್ವಚ್ಛ ಆಗಬೇಕು. ಆಯಿತಾ, ನಾಯಿ ಇರಲಿ. ಆಗದಿದ್ದರೆ ವಿಷ, ನಾಯಿ ಖಲಾಸ್.”

ಆ ರಾತ್ರಿ ಊಟಕ್ಕೆ ಕೂತಾಗ ಮನೆಯಲ್ಲಿ ಹೇಳಿದೆ. ನನ್ನ ಗಂಡ ಸುಧಾಕರ ತುತ್ತು ಕೈಯಲ್ಲೇ ಹಿಡಿದು ನನ್ನನ್ನು ನೋಡಿದರು.

“ಎಂತ, ಇಲಿ ಹಿಡಿಯುವ ಕೆಲಸವಾ? ಬಿಕಾಂ ಮಾಡಿ? ಚೌತಿಗೆ ಗಣಪತಿ ಎದುರು ಯಾವ ಮುಖ ಇಟ್ಟುಕೊಂಡು ನಿಲ್ತಿ ಮಾರಾಯ್ತಿ, ಅವನ ವಾಹನವನ್ನೇ ಮುಗಿಸ್ಲಿಕ್ಕೆ ಹೊರಟವಳು?”

ಮಗಳು ಅನ್ವಿಗೆ ಆಗ ಹತ್ತು ವರ್ಷ. “ದಟ್ಸ್ ಸೋ ಕೂಲ್ ಅಮ್ಮಾ,” ಅಂದಳು. ಮನೆಯಲ್ಲಿ ನನಗೆ ಸಿಕ್ಕಿದ ಬೆಂಬಲ ಅಷ್ಟೇ.

ಮೊದಲ ಬೇಟೆ ದೊಡ್ಡ ಗಲಾಟೆಯಲ್ಲಿ ಮುಗಿಯಿತು. ಲಾಯದ ಮುಖ್ಯಸ್ಥ ಇದ್ರೀಸ್, ಸುಡಾನಿನವರು, ಇನ್ನಿಬ್ಬರನ್ನು ಕರೆದುಕೊಂಡು ಕೋಲು ಹಿಡಿದು ಬಂದರು. ಮೊದಲ ಬೇಲ್, ಅಂದರೆ ಹಗ್ಗ ಬಿಗಿದ ಹುಲ್ಲಿನ ಕಟ್ಟು, ಎತ್ತಿದ್ದೇ ತಡ, ಇಲಿಗಳು ನಾಲ್ಕು ದಿಕ್ಕಿಗೆ ಹಾರಿದವು. ಒಬ್ಬ ಕೂಗಿದ, ಒಬ್ಬ ಓಟ್ಸ್ ಚೀಲದ ಮೇಲೆ ಹತ್ತಿದ, ಇನ್ನೊಬ್ಬ ಬೀಸಿದ ಕೋಲು ಸ್ಯಾಲಿಯ ಕಿವಿ ಸವರಿಕೊಂಡು ನೆಲಕ್ಕೆ ಬಡಿಯಿತು. ನಾಯಿಗಳಿಗೆ ಯಾರ ಮುಖ ನೋಡಬೇಕೆಂದೇ ತಿಳಿಯಲಿಲ್ಲ. ಹೊರಗೆ ಕುದುರೆಗಳು ಬೆದರಿ ಬಾಗಿಲು ಒದೆಯತೊಡಗಿದವು. ಸತ್ತ ಇಲಿ ಒಂದೂ ಇಲ್ಲ.

ಸಂಜೆ ಫಿಯೋನಾಗೆ ಫೋನ್ ಮಾಡಿದೆ. ಅವಳು ನಕ್ಕು ನಕ್ಕು ಸುಸ್ತಾದಳು. ಆಮೇಲೆ ಹೇಳಿದಳು. “ಒಬ್ಬಳೇ ಹೋಗು. ಕೋಲು ಬೇಡ. ನೀನು ಬೇಲ್ ಎತ್ತು, ಉಳಿದದ್ದು ಅವಕ್ಕೆ ಬಿಡು. ಕೈಗೆ ದಪ್ಪ ಗ್ಲೌಸು, ಕಾಲಿಗೆ ಗಮ್‌ಬೂಟು, ಜೇಬಿನಲ್ಲಿ ಹಗ್ಗ ಕತ್ತರಿಸುವ ಚಾಕು. ಕಣ್ಣಿಗೆ ಕಾಣದ ಜಾಗಕ್ಕೆ ಕೈ ಹಾಕಬೇಡ. ಮುಗಿದ ಮೇಲೆ ನೀನೂ ಸ್ನಾನ ಮಾಡು, ಅವಕ್ಕೂ ಮಾಡಿಸು.” ಇಲಿಜ್ವರದ ಮಾತು ಅವಳು ಹೇಳಬೇಕಾಗಿರಲಿಲ್ಲ. ನಮ್ಮ ಊರಿನಲ್ಲಿ ಅದನ್ನು ನೋಡಿದವಳು ನಾನು. ನಾಯಿಗಳಿಗೆ ಅದರ ಚುಚ್ಚುಮದ್ದು ಆಗಿದೆಯಾ ಎಂದು ವೈದ್ಯರಲ್ಲಿ ಕೇಳಿಯೇ ಮುಂದುವರಿದೆ.

ಶುಕ್ರವಾರ ಮಧ್ಯಾಹ್ನ ಎಲ್ಲರೂ ನಮಾಜಿಗೆ ಹೋಗಿ, ಊಟ ಮುಗಿಸಿ ಬರುವವರೆಗೆ ಲಾಯ ಖಾಲಿ. ಕುದುರೆಗಳನ್ನು ಆಚೆಯ ಬಯಲಿಗೆ ಬಿಟ್ಟಿರುತ್ತಾರೆ. ಅದೇ ನನ್ನ ಹೊತ್ತಾಯಿತು. ಚೂಡಿದಾರದ ಪ್ಯಾಂಟನ್ನು ಗಮ್‌ಬೂಟಿನೊಳಗೆ ತುರುಕಿ, ಶಾಲನ್ನು ತಲೆಗೆ ಬಿಗಿದು, ಕೊಟ್ಟಿಗೆಯ ಬಾಗಿಲು ಎಳೆದುಕೊಂಡೆ. ತಗಡಿನ ಮಾಡಿನ ತೂತುಗಳಿಂದ ಬಿಸಿಲಿನ ಕೋಲುಗಳು ಇಳಿದು ಹುಲ್ಲಿನ ಧೂಳಿನಲ್ಲಿ ನಿಂತಿದ್ದವು. ನಾಯಿಗಳು ನನ್ನ ಮುಖವನ್ನೇ ನೋಡುತ್ತಿದ್ದವು.

ನಾನು ಬೇಲ್ ಎತ್ತಿದೆ. ಕಂದು ಬಣ್ಣದ್ದೊಂದು ಗೆರೆಯ ಹಾಗೆ ಹೊರಟಿತು. ಪೆಪ್ಪರ್ ಹೋಗಿ ಹಿಡಿದದ್ದು ಕಾಣಿಸಲೇ ಇಲ್ಲ. ಒಂದು ಸಲ ತಲೆ ಕೊಡವಿತು, ಮುಗಿಯಿತು. ಇಲಿಗೆ ತಾನು ಸತ್ತದ್ದೂ ಗೊತ್ತಾಗಿರಲಿಕ್ಕಿಲ್ಲ. ಅದನ್ನು ತಂದು ನನ್ನ ಬೂಟಿನ ಮುಂದಿಟ್ಟು, ‘ಮುಂದಿನದು ಎಲ್ಲಿ?’ ಎಂಬಂತೆ ನೋಡಿತು. ಅಸಹ್ಯ ಆಗುತ್ತದೆ ಅಂದುಕೊಂಡಿದ್ದೆ. ಆಗಲಿಲ್ಲ. ಇನ್ನೊಂದು ಬೇಲ್ ಎತ್ತಿದೆ.

ಆವತ್ತು ಮನೆಗೆ ಬಂದು ಸುಧಾಕರರಿಗೆ ವರ್ಣಿಸಿದೆ. “ಆ ದೊಡ್ಡದು ಪೆಪ್ಪರ್ ಅಲ್ಲ, ಮುಂಚಿಯೇ,” ಅಂದರು. ತುಳುವಿನಲ್ಲಿ ಮುಂಚಿ ಅಂದರೆ ಮೆಣಸಿನಕಾಯಿ. ಅವತ್ತಿನಿಂದ ಅದು ಮುಂಚಿಯಾಯಿತು. ವಾರದೊಳಗೆ ಆ ಹೆಸರಿಗೇ ಓಡಿ ಬರತೊಡಗಿತು.

ಶುಕ್ರವಾರಗಳು ಕಳೆದಂತೆ ನಾನು ನಾಯಿಗಳನ್ನು ಓದಲು ಕಲಿತೆ. ಮುಂಚಿ ಸುಳ್ಳು ಹೇಳುತ್ತಿರಲಿಲ್ಲ. ಇಲಿ ಇರುವಲ್ಲಿ ನಿಂತರೆ ಕಲ್ಲಿನಲ್ಲಿ ಕೆತ್ತಿದ ಹಾಗೆ ನಿಲ್ಲುತ್ತಿತ್ತು, ಬಾಲದ ತುದಿ ಮಾತ್ರ ನಡುಗುತ್ತಿತ್ತು. ಸ್ಯಾಲಿ ಶುದ್ಧ ಬಡಾಯಿ. ಎಲ್ಲೆಂದರಲ್ಲಿ ಕೆರೆದು, ಬೊಗಳಿ, ಏನೂ ಇಲ್ಲವೆಂದು ತಿಳಿದಾಗ ಮೈ ತುರಿಸಿಕೊಳ್ಳುವ ನಾಟಕ ಮಾಡುತ್ತಿತ್ತು. ಆದರೆ ಓಟಕ್ಕೆ ನಿಂತರೆ ಅದರ ಸಮ ಇಲ್ಲ. ಮುಂಚಿ ಹುಡುಕಬೇಕು, ನಾನು ಎತ್ತಬೇಕು, ತಪ್ಪಿಸಿಕೊಂಡದ್ದನ್ನು ಸ್ಯಾಲಿ ಅಟ್ಟಬೇಕು. ನಮ್ಮ ಮೂವರ ನಡುವೆ ಹೀಗೆ ಒಂದು ಒಪ್ಪಂದವೇ ಆಗಿತ್ತು.

ಒಂದು ಶುಕ್ರವಾರ ಮುಂಚಿ ಮೂಲೆಯೊಂದರ ಹತ್ತಿರ ಹೋಗಿ ತಟ್ಟನೆ ಹಿಂದೆ ಸರಿಯಿತು. ಬೆನ್ನಿನ ಕೂದಲು ಸೆಟೆದಿತ್ತು. ನಾನು ಹೆಜ್ಜೆ ಮುಂದಿಟ್ಟರೆ ಬೂಟಿಗೆ ಅಡ್ಡ ಬಂದು ನಿಂತಿತು, ಗುರುಗುಟ್ಟಿತು. ನನ್ನ ಮೇಲೆ ಅದು ಗುರುಗುಟ್ಟಿದ್ದು ಅದೊಂದೇ ಸಲ. ಟಾರ್ಚು ಹಾಕಿ ನೋಡಿದೆ. ಮರಳಿನದೇ ಬಣ್ಣದ, ಮರಳಿನಲ್ಲೇ ಅರ್ಧ ಹೂತಿದ್ದ ಮಂಡಲದ ಹಾವು. ತಲೆಯ ಮೇಲೆ ಎರಡು ಪುಟ್ಟ ಕೊಂಬು. ಸ್ಯಾಲಿಯನ್ನು ಕಂಕುಳಿಗೆ ಸಿಕ್ಕಿಸಿಕೊಂಡು, ಮುಂಚಿಯನ್ನು ಕರೆದುಕೊಂಡು ಹೊರಗೆ ಬಂದು ಬಾಗಿಲು ಹಾಕಿದವಳು ಮರಳಿನ ಮೇಲೆ ಹಾಗೇ ಕೂತುಬಿಟ್ಟೆ. ಹಾವು ಹಿಡಿಯುವವರು ಬಂದು ಅದನ್ನು ದೂರ ಒಯ್ದು ಬಿಟ್ಟರು. ಅಲ್ಲಿಂದ ಮುಂದೆ ಮುಂಚಿ ಬೇಡ ಅಂದ ಕಡೆ ನಾನು ಕೈ ಹಾಕಲಿಲ್ಲ.

ಜನವರಿಯಲ್ಲಿ ಮಳೆ ಬಂತು. ಇಲ್ಲಿ ಬಂದರೆ ಬಂತು ಎಂಬಂಥ ಮಳೆ. ರಸ್ತೆಗಳಲ್ಲಿ ನೀರು ನಿಂತಿತು, ಅನ್ವಿಯ ಶಾಲೆ ಆನ್‌ಲೈನ್ ಆಯಿತು, ನಮ್ಮೂರಿನವರ ವಾಟ್ಸಾಪ್ ಗುಂಪಿನಲ್ಲಿ ಎಲ್ಲರೂ ಬೋಂಡದ ಫೋಟೋ ಹಾಕಿದರು. ಲಾಯದ ಸುತ್ತ ಬಿಲಗಳಲ್ಲಿದ್ದ ಇಲಿಗಳೆಲ್ಲ ಒಣಗಿದ ಜಾಗ ಹುಡುಕಿಕೊಂಡು ಹುಲ್ಲಿನ ಕೊಟ್ಟಿಗೆಗೆ ಬಂದವು. ಎರಡು ತಿಂಗಳ ಕೆಲಸ ನೀರಲ್ಲಿ ಹೋಮ ಮಾಡಿದ ಹಾಗಾಯಿತು. ಅತ್ತ ಗಜಾಲಾಳ ಕೆಚ್ಚಲು ತುಂಬುತ್ತಿತ್ತು. “ಇನ್ನು ಹೆಚ್ಚು ದಿನ ಇಲ್ಲ ಮದಾಮ್,” ಅಂದರು ಇದ್ರೀಸ್. ಅಬು ರಾಶಿದ್ ಬಂದು ಕೊಟ್ಟಿಗೆಯ ಬಾಗಿಲಲ್ಲಿ ನಿಂತು ಒಳಗಿನ ಸದ್ದು ಕೇಳಿಸಿಕೊಂಡರು. ಗಡ್ಡ ಸವರಿಕೊಂಡು ಹೊರಟುಹೋದರು. ಅವರು ಬೈದಿದ್ದರೆ ಇಷ್ಟು ಭಯ ಆಗುತ್ತಿರಲಿಲ್ಲ.

ಮುಂದಿನ ಶುಕ್ರವಾರ ಹಿಂಬದಿಯ ದೊಡ್ಡ ರಾಶಿಗೇ ಕೈ ಹಾಕಿದೆ. ಎಂದಿನಂತೆ ಮೇಲಿನಿಂದಲೇ ಒಂದೊಂದು ಬೇಲ್ ಇಳಿಸುತ್ತಿದ್ದೆ. ಬಾಗಿಲ ಸಂದಿಯಿಂದ ನುಗ್ಗಿದ ಮಳೆನೀರು ಕೆಳಗಿನ ಸಾಲನ್ನು ಕೊಳೆಸಿದ್ದು ನನಗೆ ಗೊತ್ತಿರಲಿಲ್ಲ. ಏನೋ ನಿಟ್ಟುಸಿರು ಬಿಟ್ಟ ಹಾಗೆ ಸದ್ದಾಯಿತು. ರಾಶಿಗೆ ರಾಶಿಯೇ ನನ್ನತ್ತ ವಾಲಿತು. ಓಡಲು ತಿರುಗಿದೆ. ಬಿದ್ದೆ. ಕಣ್ಣು ಬಿಟ್ಟಾಗ ನಾನು ಅಂಗಾತ ಮಲಗಿದ್ದೆ. ಎಡಗಾಲಿನ ಮೇಲೆ ಅಡ್ಡಲಾಗಿ ಒಂದು ಬೇಲ್, ಅದರ ಮೇಲೆ ಇನ್ನೊಂದು. ಕಾಲು ಎಳೆದರೆ ಬರುವುದಿಲ್ಲ. ಫೋನು ಬಾಗಿಲ ಹತ್ತಿರ ಮೊಳೆಗೆ ನೇತುಹಾಕಿದ್ದ ಚೀಲದಲ್ಲಿ. ಕೂಗಿದರೆ ಕೇಳಲು ಸುತ್ತ ಯಾರೂ ಇಲ್ಲ.

“ಮುಂಚೀ! ಬಾ ಇಲ್ಲಿ!”

ಒಡತಿ ಅಪಾಯದಲ್ಲಿದ್ದಾಗ ನಾಯಿ ಓಡಿ ಹೋಗಿ ಜನರನ್ನು ಕರೆತಂದ ಕತೆಗಳನ್ನು ನಾನೂ ಓದಿದ್ದೆ. ನನ್ನ ಮುಂಚಿ ಒಂದು ಸಲ ನನ್ನತ್ತ ನೋಡಿತು, ‘ಈಗಲಾ?’ ಅನ್ನುವ ಹಾಗೆ. ಯಾಕೆಂದರೆ ಕುಸಿದ ರಾಶಿಯೊಳಗಿಂದ ಇಲಿಗಳು ಬುಗ್ಗೆಯಂತೆ ಚಿಮ್ಮುತ್ತಿದ್ದವು. ಅದರ ಜೀವಮಾನದಲ್ಲೇ ಅಂಥ ದಿನ ಬಂದಿರಲಿಲ್ಲ. ಎಡಕ್ಕೆ ಒಂದು, ಬಲಕ್ಕೆ ಒಂದು, ಕೊಡವಿ ಎಸೆದು ಮತ್ತೊಂದು. ಒಂದು ಇಲಿ ನನ್ನ ಹೊಟ್ಟೆಯ ಮೇಲೆ ಹತ್ತಿ ಓಡಿತು. ಅದರ ಹಿಂದೆ ಸ್ಯಾಲಿ, ಅದೂ ನನ್ನ ಹೊಟ್ಟೆಯ ಮೇಲಿಂದಲೇ. ನಾನು ಶಾಲಿನಿಂದ ಮುಖ ಮುಚ್ಚಿಕೊಂಡು ಚೀರಿದೆ. ಚೀರುತ್ತಾ ಚೀರುತ್ತಾ ಅದು ಯಾವಾಗ ನಗುವಾಯಿತೋ ತಿಳಿಯಲಿಲ್ಲ. ಕಾಲು ನೋಯುತ್ತಿದೆ, ಕಣ್ಣಲ್ಲಿ ನೀರು, ನಗು ನಿಲ್ಲುತ್ತಿಲ್ಲ.

ನಗು ಇಳಿದ ಮೇಲೆ ಬುದ್ಧಿ ಬಂತು. ಜೇಬು ತಡವಿದೆ, ಚಾಕು ಇತ್ತು. ಮೈಯನ್ನು ಅರ್ಧ ಎತ್ತಿ, ಕೈ ಚಾಚಿ, ಮೇಲಿನ ಬೇಲಿನ ಹಗ್ಗ ಕತ್ತರಿಸಿದೆ. ಬಿಗಿ ಹೋದ ಕೂಡಲೇ ಹುಲ್ಲು ಬ್ರೆಡ್ಡಿನ ಚೂರುಗಳ ಹಾಗೆ ಬಿಡಿಬಿಡಿಯಾಯಿತು. ಒಂದೊಂದೇ ಚೂರು ತಳ್ಳಿದೆ. ಆಮೇಲೆ ಕೆಳಗಿನದರ ಹಗ್ಗ. ಹಿಡಿ ಹಿಡಿಯಾಗಿ ಕಿತ್ತು ಹಾಕುತ್ತಾ ಹೋದೆ. ಕೊನೆಗೆ ಬೂಟನ್ನು ಅಲ್ಲೇ ಬಿಟ್ಟು ಕಾಲು ಹೊರಗೆ ಬಂತು. ಪಾದ ಊದಿತ್ತು, ಮುರಿದಿರಲಿಲ್ಲ. ತೆವಳಿಕೊಂಡು ಬಾಗಿಲ ಬಳಿ ಹೋಗಿ ಬೆನ್ನು ಒರಗಿಸಿದೆ.

ಆಗ ನಾಯಿಗಳು ಬಂದವು. ಸ್ಯಾಲಿ ನನ್ನ ತೊಡೆಯ ಮೇಲೆ ಉರುಳಿಕೊಂಡಿತು. ಮುಂಚಿ ನನ್ನ ಊದಿದ ಕಾಲನ್ನು ಮೂಸಿ, ಉದ್ದಕ್ಕೆ ಒಮ್ಮೆ ನೆಕ್ಕಿ, ಪಕ್ಕದಲ್ಲಿ ಮಲಗಿತು. ಅದರ ಪಕ್ಕೆಗಳು ತಿದಿಯ ಹಾಗೆ ಏರಿಳಿಯುತ್ತಿದ್ದವು. ನಾವು ಮೂವರೂ ಏದುಸಿರು ಬಿಡುತ್ತಾ ಕೂತಿದ್ದೆವು. ನನ್ನ ಬದುಕಿನಲ್ಲಿ ಅಷ್ಟು ಸಂತೋಷವಾಗಿ ನಾನು ಬೇರೆಲ್ಲೂ ಕೂತಿಲ್ಲ ಅಂದರೆ ಸುಧಾಕರ ಈಗಲೂ ಬೇಜಾರು ಮಾಡಿಕೊಳ್ಳುತ್ತಾರೆ.

ಇದ್ರೀಸ್ ಊಟ ಮುಗಿಸಿ ಬಂದವರು ಬಾಗಿಲು ತೆರೆದು ಹಾಗೇ ನಿಂತರು. ಕುಸಿದ ರಾಶಿ, ನೆಲದ ತುಂಬ ಇಲಿ, ತಲೆಯಿಂದ ಕಾಲಿನವರೆಗೆ ಹುಲ್ಲು ಮೆತ್ತಿಕೊಂಡ ಮದಾಮ್.

“ಮದಾಮ್, ಬದುಕಿದ್ದೀರಾ?”

“ಬದುಕಿದ್ದೇನೆ. ಮೊದಲು ನಾಯಿಗಳಿಗೆ ನೀರು ಕೊಡಿ.”

ಮನೆಯಲ್ಲಿ ಮಾತ್ರ ಅದು ನಗುವ ವಿಷಯ ಆಗಲಿಲ್ಲ. ಕಾಲಿಗೆ ಕಟ್ಟಿದ ಬ್ಯಾಂಡೇಜು ನೋಡಿ ಸುಧಾಕರ ಅದರ ಕೆಳಗೊಂದು ದಿಂಬು ತಂದಿಟ್ಟರು. ಆಮೇಲೆ ಮೆಲ್ಲಗೆ ಕೇಳಿದರು, “ಆ ಬೇಲ್ ಎದೆ ಮೇಲೆ ಬಿದ್ದಿದ್ರೆ? ನಾನು ಅನ್ವಿಗೆ ಎಂತ ಹೇಳ್ಬೇಕಿತ್ತು? ಒಬ್ಬಳೇ ಯಾಕೆ ಹೋಗ್ಬೇಕು ನಿಂಗೆ?”

ಹೇಗೆ ಹೇಳಲಿ? ಮನೆಯಲ್ಲಿ, ಆಫೀಸಿನಲ್ಲಿ, ಶಾಲೆಯ ತಾಯಂದಿರ ಗುಂಪಿನಲ್ಲಿ ದಿನವಿಡೀ ಯಾರಾದರೂ ನನ್ನನ್ನು ಏನಾದರೂ ಕೇಳುತ್ತಲೇ ಇರುತ್ತಾರೆ. ಕೊಟ್ಟಿಗೆಯೊಳಗೆ ನಾನು ಯಾರಿಗೂ ಉತ್ತರ ಕೊಡಬೇಕಾಗಿರಲಿಲ್ಲ. ಎರಡು ಜೀವಗಳು ನನ್ನ ಕೈಯನ್ನು ನೋಡುತ್ತಿದ್ದವು, ನಾನು ಅವುಗಳ ಕಿವಿಯನ್ನು ನೋಡುತ್ತಿದ್ದೆ, ಅಷ್ಟೆ. ಇನ್ನೊಬ್ಬರು ಒಳಗೆ ಬಂದರೆ ಅದು ಒಡೆದುಹೋಗುತ್ತಿತ್ತು. ಇದನ್ನೇ ತಡವರಿಸುತ್ತಾ ಹೇಳಿದೆ. ಅವರಿಗೆ ಪೂರ್ತಿ ಅರ್ಥವಾಯಿತೋ ಇಲ್ಲವೋ. “ಆಯ್ತು, ಒಳಗೆ ನೀನೇ ಹೋಗು. ಫೋನು ಜೇಬಲ್ಲಿರ್ಲಿ. ನಾನು ಬಾಗಿಲ ಹೊರಗೆ ಕೂತಿರ್ತೇನೆ,” ಅಂದರು.

ಕಾಲು ಸರಿಹೋದ ಮೇಲಿನ ಶುಕ್ರವಾರ ಆಫೀಸಿನಿಂದ ಬೇಗ ಹೊರಟು ಬಂದು, ಹೇಳಿದಂತೆ ಪ್ಲಾಸ್ಟಿಕ್ ಕುರ್ಚಿ ಹಾಕಿ ಕೂತರು. ಮೊದಮೊದಲು ಫೋನು ನೋಡುತ್ತಿದ್ದರು. ಸ್ವಲ್ಪ ಹೊತ್ತಿಗೆ ತಗಡಿನ ಸಂದಿಯಲ್ಲಿ ಒಂದು ಕಣ್ಣು ಕಾಣಿಸಿತು. ಮತ್ತೆ ಸ್ವಲ್ಪ ಹೊತ್ತಿಗೆ ದನಿ. “ಅಂಚಿ ಪೋಂಡು! ಅಂಚಿ, ಅಂಚಿ!” ಆ ಕಡೆ ಹೋಯಿತು ಎಂದು ತುಳುವಿನಲ್ಲಿ ಬೊಬ್ಬೆ ಹಾಕುತ್ತಿದ್ದರು. ಗಣಪತಿಯ ಚಿಂತೆ ಅವರಿಗೆ ಪೂರ್ತಿ ಮರೆತುಹೋಗಿತ್ತು.

ಫೆಬ್ರವರಿಯ ಒಂದು ಮುಂಜಾನೆ ಇದ್ರೀಸ್ ಅವರ ವಾಯ್ಸ್ ಮೆಸೇಜು ಬಂತು. ಮಾತಿಗಿಂತ ನಗುವೇ ಹೆಚ್ಚಿತ್ತು. ಅನ್ವಿಯನ್ನೂ ಕರೆದುಕೊಂಡು ಓಡಿದೆ. ಗಜಾಲಾಳ ಪಕ್ಕದಲ್ಲಿ ಕಾಫಿ ಬಣ್ಣದ ಮರಿ, ಉದ್ದನೆಯ ನಾಲ್ಕು ಕಾಲುಗಳನ್ನು ಎಲ್ಲಿಡಬೇಕೆಂದು ತಿಳಿಯದೆ ಓಲಾಡುತ್ತಿತ್ತು. ಹೊಸ ವಯರು ಹಾಕಿಸಿದ್ದ ಕ್ಯಾಮೆರಾ ಸರಿಯಾಗಿಯೇ ಇತ್ತು. ಮರಿ ಹೊರಬಂದದ್ದನ್ನು ಅಬು ರಾಶಿದ್ ಮನೆಯಲ್ಲೇ ಕೂತು ನೋಡಿದ್ದರಂತೆ. ಅವರು ಬಂದವರು ಮರಿಯ ಹಣೆ ಮುಟ್ಟಿ ಪ್ರಾರ್ಥನೆ ಹೇಳಿ, ನೇರವಾಗಿ ಹುಲ್ಲಿನ ಕೊಟ್ಟಿಗೆಗೆ ನಡೆದರು. ಟಾರ್ಚು ಹಿಡಿದು ಮೂಲೆ ಮೂಲೆ ನೋಡಿದರು. ಓಟ್ಸ್ ಚೀಲಗಳನ್ನು ತಿರುವಿ ತಿರುವಿ ನೋಡಿದರು. ಹೊರಗೆ ಬಂದು ಮುಂಚಿಯ ಎದುರು ನಿಂತು ಹೇಳಿದರು, “ಇದು ಕೆಲಸದ ನಾಯಿ. ಇರಲಿ.”

“ಸ್ಯಾಲಿ?” ಅನ್ವಿ ಕೇಳಿದಳು.

ಸ್ಯಾಲಿ ಆಗ ಖಾಲಿ ಬಕೆಟ್ಟಿನ ಹತ್ತಿರ ಇಲ್ಲದ ಇಲಿಯನ್ನು ಹುಡುಕುತ್ತಾ ಭೀಕರವಾಗಿ ಬೊಗಳುತ್ತಿತ್ತು. ಅಬು ರಾಶಿದ್ ಅದನ್ನೇ ನೋಡಿದರು. “ಅದೂ ಇರಲಿ,” ಅಂದು ನಕ್ಕರು.

ಮರಿ ನೋಡಲು ಬಂದ ನೆಂಟರಲ್ಲಿ ಅವರ ಅಣ್ಣನೂ ಇದ್ದರು. ಕೈಮೇಲೆ ಗಿಡುಗ ಕೂರಿಸಿಕೊಂಡು ಓಡಾಡುವ ಹಳೆಯ ಬೇಟೆಗಾರ. ನನ್ನನ್ನು ಕಾಫಿಗೆ ಕರೆದು ಎದುರು ಕೂರಿಸಿದರು.

“ನೀನು ಬೇಟೆ ಆಡುತ್ತೀಯಂತೆ. ಏನು ಬೇಟೆ?”

“ಇಲಿ.”

ಕೂತಿದ್ದವರೆಲ್ಲ ಗೊಳ್ಳೆಂದು ನಕ್ಕರು. ಅವರು ನಗಲಿಲ್ಲ. “ಎಷ್ಟು ನಾಯಿ?” “ಎರಡು.” “ನಿನ್ನ ಜೊತೆ ಯಾರು?” “ಯಾರೂ ಇಲ್ಲ.” ಅವರು ಕಾಫಿಯ ಬಟ್ಟಲು ಕೆಳಗಿಟ್ಟರು.

“ನಾಯಿ ತಪ್ಪು ಜಾಗ ತೋರಿಸಿದರೆ?”

“ಚಿಕ್ಕದು ತೋರಿಸುತ್ತದೆ. ಆಗ ದೊಡ್ಡದರ ಮುಖ ನೋಡುತ್ತೇನೆ.”

“ದೊಡ್ಡದೇ ಬೇಡ ಅಂದರೆ?”

“ಕೈ ಹಾಕುವುದಿಲ್ಲ. ಒಂದು ಸಲ ಹಾಗಂದಾಗ ಅಲ್ಲಿ ಕೊಂಬಿನ ಹಾವು ಇತ್ತು.”

ಅವರು ನಿಧಾನವಾಗಿ ತಲೆದೂಗಿದರು. ಮೊಲದ ಬೇಟೆಗೆಂದು ಹಿಂದೆ ಸಾಕಿದ್ದ ಸಲೂಕಿ ನಾಯಿಯೊಂದರ ಕತೆ ಹೇಳಿದರು. ಬಿಸಿಲಿನಲ್ಲಿ ದಾರಿ ತಪ್ಪಿದಾಗ ಅದನ್ನೇ ನಂಬಿ ಹಿಂದೆ ನಡೆದು ಬದುಕಿ ಬಂದರಂತೆ. ನಾನು ಬೇಲ್ ಕುಸಿದ ಕತೆ ಹೇಳಿದೆ. ಹೊಟ್ಟೆಯ ಮೇಲೆ ಓಡಿದ ಇಲಿಯ ಜಾಗಕ್ಕೆ ಬಂದಾಗ ಅವರು ಕಣ್ಣೊರೆಸಿಕೊಳ್ಳುವವರೆಗೆ ನಕ್ಕರು. ಕೈಮೇಲಿನ ಗಿಡುಗ ರೆಕ್ಕೆ ಬಿಚ್ಚಿ ಸಮತೋಲ ಹಿಡಿಯಬೇಕಾಯಿತು. ಏಳುವಾಗ ಕೇಳಿದರು, “ನನ್ನ ಒಂಟೆಗಳ ಮೇವಿನ ಮನೆಗೆ ಬರುತ್ತೀಯಾ?”

ಮುಂದಿನ ಶುಕ್ರವಾರ ಹೋದೆವು. ಕಾರಿನ ಹಿಂಬದಿಯಲ್ಲಿ ನಾಯಿಗಳು, ಪಕ್ಕದಲ್ಲಿ ತಮ್ಮ ಕುರ್ಚಿಯನ್ನೂ ತಂದಿದ್ದ ಸುಧಾಕರ. ಅಲ್ಲಿಯ ಮೇವಿನ ಮನೆ ನಮ್ಮದರ ಎರಡರಷ್ಟಿತ್ತು. ಇಲಿಯ ವಾಸನೆ ನನಗೇ ಬಡಿಯುತ್ತಿತ್ತು ಅಂದಮೇಲೆ ನಾಯಿಗಳ ಪಾಡು ಕೇಳಬೇಕೇ, ಹಗ್ಗ ಕಿತ್ತುಕೊಂಡು ಹೋಗುವುದೊಂದು ಬಾಕಿ. ಹಿರಿಯರ ಜೊತೆ ಅವರ ಮಕ್ಕಳು, ಮೊಮ್ಮಕ್ಕಳು, ಕೆಲಸದವರು, ಒಂದು ಜಾತ್ರೆಯೇ ಬಾಗಿಲಲ್ಲಿ ಸೇರಿತ್ತು. ಎಲ್ಲರೂ ಫೋನು ಹಿಡಿದು ಒಳಗೆ ಬರಲು ಸಿದ್ಧ. ಹೇಗೆ ಬೇಡ ಅನ್ನಲಿ? ಅವರ ಜಾಗ, ಅವರ ಮನೆ, ನಾನು ಅತಿಥಿ.

“ಕ್ಷಮಿಸಿ,” ಅಂದೆ. “ಒಳಗೆ ನಾನೊಬ್ಬಳೇ ಹೋಗಬೇಕು.”

ಹಿರಿಯರು ನನ್ನ ಬೂಟು, ಗ್ಲೌಸು, ತಲೆಗೆ ಬಿಗಿದ ಶಾಲು ಎಲ್ಲವನ್ನೂ ಒಮ್ಮೆ ನೋಡಿದರು. ಆಮೇಲೆ ತಮ್ಮವರತ್ತ ತಿರುಗಿ ಕೈಬೀಸಿದರು.

“ಯಲ್ಲಾ, ಎಲ್ಲರೂ ಹಿಂದೆ ಸರಿಯಿರಿ. ಬೇಟೆಗಾರ್ತಿ ಒಳಗೆ ಹೋಗಲಿ.”

ನಾವು ಮೂವರು ಒಳಗೆ ಹೋದೆವು. ಹೊರಗಿನಿಂದ ಹಿರಿಯರೇ ಬಾಗಿಲು ಎಳೆದರು.